ಮಳಖೇಡದ ಅರಸನೂ ಮೊಳೆಯಿಲ್ಲದ ಹಡಗೂ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾಗಿಣಾ ದಂಡೆಗೆ ನಿಂತರೆ ಕಾಣುವುದು ಹಳೆಯ ಕೋಟೆ, ತೊಗರಿ ಹೊಲ, ಸಿಮೆಂಟ್ ಲಾರಿ. ಆದರೂ ಹತ್ತನೇ ಶತಮಾನದ ಆರಂಭದಲ್ಲಿ, 500 ಕಿಲೋಮೀಟರಿಗೂ ಆಚೆಗಿದ್ದ ಅರಬ್ಬಿ ಸಮುದ್ರದ ಬಂದರುಗಳು ಇಲ್ಲಿನ ರಾಷ್ಟ್ರಕೂಟ ಅರಸರ ಹಿಡಿತದಲ್ಲಿದ್ದವು. ಅವನ್ನು ಗೆದ್ದುಕೊಟ್ಟವನು ಒಬ್ಬ ಅರಬ.

ಮಹಾರಾಷ್ಟ್ರದ ಡಹಾಣು ಬಳಿಯ ಚಿಂಚಣಿಯಲ್ಲಿ ಸಿಕ್ಕ ಕ್ರಿ.ಶ. 926ರ ತಾಮ್ರಪಟಗಳು ಅವನನ್ನು ಮಧುಮತಿ ಎನ್ನುತ್ತವೆ. ಮಹಮ್ಮದ್ ಎಂಬ ಹೆಸರು ಸಂಸ್ಕೃತದಲ್ಲಿ ಹಾಗಾಗಿದೆ. ರಾಷ್ಟ್ರಕೂಟ ಅರಸ ಇಮ್ಮಡಿ ಕೃಷ್ಣ ಅವನಿಗೆ ಸಂಯಾನ ಮಂಡಲವನ್ನು, ಎಂದರೆ ಇಂದಿನ ಗುಜರಾತಿನ ಸಂಜಾನ್ ಸೀಮೆಯನ್ನು, ವಹಿಸಿದ್ದ. ಮಧುಮತಿ ಸುತ್ತಲಿನ ಬಂದರುಗಳ ಒಡೆಯರನ್ನು ಮಣಿಸಿ ತನ್ನ ಅಧಿಕಾರಿಗಳನ್ನು ಕೂರಿಸಿದ. ಆಮೇಲೆ ಮಾಡಿದ್ದು ಇನ್ನೂ ಸೊಗಸು: ಎರಡು ಹೊಳೆಗಳಿಗೆ ದೋಣಿ ಬಿಡಿಸಿದ, ಅನ್ನಛತ್ರ ತೆರೆದ. ಅಲ್ಲಿ ಶಾಲಿ ಅಕ್ಕಿಯ ಅನ್ನ, ಪಲ್ಯ, ತುಪ್ಪ ಪುಕ್ಕಟೆ. ಕೃಷ್ಣನ ಬಳಿಕ ಅರಸನಾದ ಮುಮ್ಮಡಿ ಇಂದ್ರನ ಒಪ್ಪಿಗೆ ಪಡೆದು ದೇವಿಯ ಪೂಜೆ ನಡೆಯುವ ಮಠಕ್ಕೆ ದತ್ತಿಯನ್ನೂ ಬಿಟ್ಟ.

ಅದೇ ಕಾಲಕ್ಕೆ ಬೈಜಾಂಟಿಯಮ್‌ನ ನೌಕಾ ದಳಪತಿ ಹಿಮೇರಿಯೋಸ್ ಅರಬರೊಡನೆ ಕಾದಾಡುತ್ತಿದ್ದ. ಕ್ರೀಟ್ ದ್ವೀಪ ಗೆಲ್ಲಲಾಗದೆ ಮರಳುವಾಗ, 912ರ ಹೊತ್ತಿಗೆ, ಖಿಯೋಸ್ ದ್ವೀಪದ ಬಳಿ ಅವನ ನೌಕಾಪಡೆ ನುಚ್ಚುನೂರಾಯಿತು. ಆದರೆ ಮಳಖೇಡಕ್ಕೆ ಅರಬರು ಹಗೆಗಳಲ್ಲ, ಬೇಕಾದವರು. 851ರ ಅರಬ್ ಬರಹವೊಂದು ಖಲೀಫ, ಚೀನಾದ ದೊರೆ, ಬೈಜಾಂಟಿಯಮ್‌ನ ಚಕ್ರವರ್ತಿಯ ಸಾಲಿನಲ್ಲೇ, ತಾನು 'ಬಲ್ಹರಾ' ಎಂದು ಕರೆಯುವ ರಾಷ್ಟ್ರಕೂಟ ಅರಸನನ್ನು ಎಣಿಸುತ್ತದೆ.

ಎರಡೂ ಕಡಲುಗಳಲ್ಲಿ ಹಡಗುಗಳೂ ಬೇರೆ ಬೇರೆ. ಮೆಡಿಟರೇನಿಯನ್‌ನಲ್ಲಿ ಹಲಗೆಗಳನ್ನು ಹಿಡಿದಿಡುತ್ತಿದ್ದುದು ಕಬ್ಬಿಣದ ಮೊಳೆ. ಅರಬ್ಬಿ ಸಮುದ್ರದಲ್ಲಿ ತೆಂಗಿನ ನಾರಿನ ಹುರಿ. ಹಲಗೆಯ ಅಂಚಿನಲ್ಲಿ ತೂತು ಕೊರೆದು, ಹುರಿ ಪೋಣಿಸಿ, ಬಿಗಿಯಾಗಿ ಎಳೆದು ಹೊಲಿಯುತ್ತಿದ್ದರು. ಭಾರತದ ಈ ಕರಾವಳಿಗೆ ಬಂದುಹೋದ ಅರಬ್ ಪ್ರವಾಸಿ ಮಸೂದಿ, ಇಲ್ಲಿನ ಕಡಲು ಕಬ್ಬಿಣವನ್ನು ತಿಂದುಹಾಕುವುದರಿಂದ ಹೀಗೆ ಎಂದು ಬರೆದ. ಒಪ್ಪುವುದು ಕಷ್ಟ, ಮೆಡಿಟರೇನಿಯನ್ ನೀರೂ ಉಪ್ಪೇ. ಹೊಲಿಗೆಯ ಲಾಭವೇ ಬೇರೆ. ಅಲೆ ಬಡಿದಾಗ, ತಳ ಮರಳಿಗೆ ತಾಗಿದಾಗ ಹೊಲಿದ ಹಡಗಿನ ಒಡಲು ತುಸು ಬಳುಕಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿದರಾಯಿತು. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ಬಳಿ ಸಿಕ್ಕ ಒಂಬತ್ತನೇ ಶತಮಾನದ ಹಡಗು ಇಂಥದ್ದೇ. ಅದರಲ್ಲಿ ಸುಮಾರು 60,000 ಚೀನೀ ಪಿಂಗಾಣಿ ಸಾಮಾನುಗಳಿದ್ದವು.

ಹಿಮೇರಿಯೋಸ್ ಗೆಲ್ಲಲಾಗದ ಆ ಕ್ರೀಟ್ ಬಳಿಯೇ ನಾರಿನಿಂದ ಹೊಲಿದ ತೇಗದ ಹಲಗೆಗಳು ಸಿಕ್ಕವೆಂದೂ ಮಸೂದಿ ಹೇಳುತ್ತಾನೆ. ಅಂಥ ಹಡಗು ಆ ಕಡಲಿನದಲ್ಲ. ಹಾಗಾಗಿ ಎರಡು ಸಮುದ್ರಗಳು ಎಲ್ಲೋ ಕೂಡಿಕೊಂಡಿವೆ ಎಂದು ಅವನ ತರ್ಕ.