ಬ್ರೇಕಿನ ಸವೆತವೂ ಶಾಖದ ಲೆಕ್ಕವೂ

ಓಡುತ್ತಿರುವ ಕಾರು ಬ್ರೇಕು ಹಾಕಿದೊಡನೆ ನಿಲ್ಲುತ್ತದೆ. ಅದರಲ್ಲಿದ್ದ ಚಲನಶಕ್ತಿ ಎಲ್ಲಿ ಹೋಯಿತು? ಶಕ್ತಿಗೆ ನಾಶವಿಲ್ಲ ಎಂಬುದು ಭೌತಶಾಸ್ತ್ರದ ಮೂಲ ನಿಯಮಗಳಲ್ಲೊಂದು. ಆದುದರಿಂದ ಆ ಶಕ್ತಿ ಮಾಯವಾಗಿಲ್ಲ, ಶಾಖವಾಗಿ ಮಾರ್ಪಟ್ಟಿದೆ. ಬ್ರೇಕು ಎಂಬುದು ಚಲನೆಯನ್ನು ಶಾಖವನ್ನಾಗಿ ಮಾಡುವ ಸಾಧನ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬ್ರೇಕಿನ ಪ್ಯಾಡುಗಳನ್ನು ಯಾವಾಗ ಬದಲಾಯಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ನಾವೇ ಕಂಡುಕೊಳ್ಳಬಹುದು.

ಇಂದಿನ ಕಾರುಗಳ ಮುಂದಿನ ಗಾಲಿಗಳಲ್ಲಿ, ಗಾಲಿಯೊಡನೆಯೇ ತಿರುಗುವ ಎರಕದ ಕಬ್ಬಿಣದ ತಟ್ಟೆಯೊಂದಿರುತ್ತದೆ. ಇದಕ್ಕೆ ಡಿಸ್ಕು ಎಂದು ಹೆಸರು. ಚಾಲಕನು ಪೆಡಲನ್ನು ತುಳಿದಾಗ ಕೊಳವೆಯಲ್ಲಿರುವ ದ್ರವದ ಒತ್ತಡವು ಪಿಸ್ಟನನ್ನು ದೂಡುತ್ತದೆ. ಎರಡು ಪ್ಯಾಡುಗಳು ಡಿಸ್ಕನ್ನು ಎರಡು ಕಡೆಯಿಂದಲೂ ಅದುಮಿ ಹಿಡಿಯುತ್ತವೆ. ಪ್ರತಿಯೊಂದು ಪ್ಯಾಡಿನಲ್ಲಿಯೂ ಉಕ್ಕಿನ ಹಿಂಬದಿಯ ತಗಡು, ಅದರ ಮೇಲೆ ಅಂಟಿಸಿದ ಘರ್ಷಣೆಯ ಪದರ ಎಂದು ಎರಡು ಭಾಗಗಳುಂಟು. ಹೊಸ ಪ್ಯಾಡಿನಲ್ಲಿ ಈ ಪದರವು ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. ಸವೆಯುವುದು ಇದೇ.

ಈ ಸವೆತವನ್ನು ಕಿಲೋಮೀಟರುಗಳಿಂದ ಅಳೆಯುವುದು ಅನೇಕರ ರೂಢಿ. ಅದು ಎಷ್ಟು ಅಪೂರ್ಣವೆಂಬುದನ್ನು ನಮ್ಮ ಸೀಮೆಯ ರಸ್ತೆಗಳೇ ತೋರಿಸಿಕೊಡುತ್ತವೆ. ಅಥಣಿಯಿಂದ ಕಾಗವಾಡಕ್ಕೆ ಬಹುಮಟ್ಟಿಗೆ ಸಮತಟ್ಟಾದ ದಾರಿಯಲ್ಲಿ ಹೋಗುವವನು ಬ್ರೇಕನ್ನು ಬಳಸುವುದು ಅಪರೂಪ. ಸಂಕೇಶ್ವರದ ಕಡೆಯಿಂದ ನಿಪ್ಪಾಣಿಗೆ ಬರುವವನಾದರೋ ತವಂದಿ ಘಾಟವನ್ನು ಇಳಿಯಬೇಕು. 16 ಟನ್ ತೂಕದ ಲಾರಿಯೊಂದು ವೇಗ ಹೆಚ್ಚದಂತೆ 100 ಮೀಟರ್ ಎತ್ತರವನ್ನು ಇಳಿದರೆ ಸುಮಾರು 1.6 ಕೋಟಿ ಜೂಲ್ ಶಕ್ತಿಯನ್ನು ಕಳೆಯಬೇಕಾಗುತ್ತದೆ. ಇಷ್ಟು ಶಾಖದಿಂದ 47 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ಬಹುಪಾಲನ್ನು ಎಂಜಿನ್ನು ಹೊರುತ್ತದೆ. ಇಲ್ಲವಾದರೆ ಭಾರವೆಲ್ಲ ಬ್ರೇಕಿನ ಮೇಲೆಯೇ.

ಪಂದ್ಯದ ಪಥದಲ್ಲಿ ಓಡುವ ಕಾರಿನ ಪಾಡು ಇದಕ್ಕಿಂತ ಕಠಿಣ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ತೆರೆದ ಪಥದ ಒಂದು ಸುತ್ತು 3.717 ಕಿಲೋಮೀಟರ್, ಅದರಲ್ಲಿ 12 ತಿರುವುಗಳಿವೆ. 1,000 ಕಿಲೋಗ್ರಾಂ ತೂಕದ ಕಾರೊಂದು ಇಂಥ ಪಥದಲ್ಲಿ ಗಂಟೆಗೆ 144 ಕಿಲೋಮೀಟರ್ ವೇಗದಿಂದ ಬಂದು, ತಿರುವಿನ ಮುನ್ನ 72ಕ್ಕೆ ಇಳಿಯಿತೆನ್ನೋಣ. ಚಲನಶಕ್ತಿಯು ವೇಗದ ವರ್ಗದೊಡನೆ ಬೆಳೆಯುವುದರಿಂದ, ವೇಗ ಅರ್ಧವಾದಾಗ ಶಕ್ತಿಯ ನಾಲ್ಕನೆಯ ಮೂರು ಪಾಲು, ಎಂದರೆ 6 ಲಕ್ಷ ಜೂಲ್, ಶಾಖವಾಗುತ್ತದೆ. ಇದರಲ್ಲಿ 4.5 ಲಕ್ಷ ಜೂಲ್ ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತೆಂದೂ, ಅವುಗಳ ಒಟ್ಟು ತೂಕ 10 ಕಿಲೋಗ್ರಾಂ ಎಂದೂ ಭಾವಿಸಿದರೆ, ಒಂದೇ ತಿರುವಿನಲ್ಲಿ ಅವುಗಳ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದು ಆರುವ ಮೊದಲೇ ಇನ್ನೊಂದು ತಿರುವು ಬರುತ್ತದೆ.

ಪ್ಯಾಡಿನ ಕಣಗಳನ್ನು ಒಂದುಗೂಡಿಸಿ ಹಿಡಿದಿರುವುದು ಒಂದು ಬಗೆಯ ರಾಳ. ಉಷ್ಣತೆ ಮಿತಿಮೀರಿದರೆ ಈ ರಾಳ ಒಡೆಯತೊಡಗುತ್ತದೆ, ಸವೆತ ತೀವ್ರವಾಗುತ್ತದೆ. ಸಾಮಾನ್ಯ ರಸ್ತೆಯಲ್ಲಿ ವರ್ಷಗಟ್ಟಲೆ ಬಾಳುವ ಪ್ಯಾಡು ಪಥದಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವುದಕ್ಕೆ ಕಾರಣ ಇದೇ. ಪದರ ತೆಳುವಾದಂತೆ ಮತ್ತೊಂದು ಕೇಡೂ ಉಂಟು. ಆ ಪದರವು ಶಾಖಕ್ಕೆ ಅಡ್ಡಗೋಡೆಯಂತಿರುತ್ತದೆ. ಅದು ಸವೆದರೆ ಶಾಖವು ಪಿಸ್ಟನಿನ ಮೂಲಕ ದ್ರವಕ್ಕೆ ಬೇಗನೆ ಹರಿಯುತ್ತದೆ.

ಹಾಗಾದರೆ ಪ್ಯಾಡನ್ನು ಬದಲಾಯಿಸುವ ಹೊತ್ತು ಯಾವುದು? ರಸ್ತೆಯ ಕಾರಿಗೆ 3 ಮಿಲಿಮೀಟರ್ ಉಳಿದಾಗ ಬದಲಾಯಿಸುವುದು ವಾಡಿಕೆ; ತಯಾರಕರ ಕೈಪಿಡಿಯ ಮಾತೇ ಇದರಲ್ಲಿ ಪ್ರಮಾಣ. ಪಥದ ಕಾರಿಗೆ ಈ ಅಳತೆ ಸಾಲದು. ಪದರವು ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಪಥಕ್ಕೆ ಇಳಿಯದಿರುವುದೇ ಲೇಸು. ಅಳೆಯುವಾಗ ಉಕ್ಕಿನ ತಗಡನ್ನು ಲೆಕ್ಕಕ್ಕೆ ಹಿಡಿಯಬಾರದು. ಒಳಗಿನ ಮತ್ತು ಹೊರಗಿನ ಪ್ಯಾಡುಗಳನ್ನೂ, ಪ್ರತಿಯೊಂದರ ಎರಡು ತುದಿಗಳನ್ನೂ ಬೇರೆಬೇರೆಯಾಗಿ ನೋಡಬೇಕು. ಅವು ಸಮನಾಗಿ ಸವೆಯುವುದಿಲ್ಲ. ಪ್ರತಿ ಓಟದ ಮುಂಚೆಯೂ ಅನಂತರವೂ ಅಳೆದು ಬರೆದಿಟ್ಟರೆ ಸವೆತದ ವೇಗ ತಿಳಿಯುತ್ತದೆ. ಒಂದು ಓಟದಲ್ಲಿ 1.5 ಮಿಲಿಮೀಟರ್ ಸವೆದ ಪ್ಯಾಡು ಮುಂದಿನ ಓಟದಲ್ಲಿ ಅದಕ್ಕಿಂತ ಹೆಚ್ಚು ಸವೆಯಬಹುದು ಎಂಬುದನ್ನು ಮರೆಯಲಾಗದು. ಅಂಚು ಉದುರಿದ್ದರೆ, ಆಳವಾದ ಬಿರುಕು ಬಿಟ್ಟಿದ್ದರೆ, ದಪ್ಪ ಎಷ್ಟೇ ಇದ್ದರೂ ಪ್ಯಾಡನ್ನು ತೆಗೆಯಬೇಕು. ಒಂದು ಗಾಲಿಯದನ್ನು ಬದಲಾಯಿಸಿದರೆ ಅದೇ ಅಚ್ಚಿನ ಇನ್ನೊಂದು ಗಾಲಿಯದನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಕಾರು ಒಂದು ಬದಿಗೆ ಎಳೆಯಬಹುದು.

ಕೆಲವು ಪ್ಯಾಡುಗಳಲ್ಲಿ ಸವೆತ ಮಿತಿಮೀರಿದಾಗ ಡಿಸ್ಕಿಗೆ ತಾಗಿ ಕಿರುಚುವ ಸಣ್ಣ ಲೋಹದ ನಾಲಗೆ ಇರುತ್ತದೆ. ಪಥದ ಗದ್ದಲದಲ್ಲಿ ಇದನ್ನು ನಂಬಿಕೊಂಡಿರಲಾಗದು. ಕಾಲಿಗೆ ತಿಳಿಯುವ ಸೂಚನೆಗಳು ಇದಕ್ಕಿಂತ ಮುಖ್ಯ. ಪೆಡಲು ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ, ಪ್ಯಾಡು ಅತಿಯಾಗಿ ಕಾದು ಅದರ ಘರ್ಷಣೆ ಕುಗ್ಗಿದೆ ಎಂದು ಊಹಿಸಬಹುದು. ಕಾದ ಬ್ರೇಕಿನ ಪೆಡಲು ಮೆತ್ತಗಾಗಿ ಕೆಳಕ್ಕಿಳಿದರೆ ದ್ರವ ಕುದಿದಿರುವ ಸಂಭವವುಂಟು. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಸಾಮಾನ್ಯ ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ದ್ರವಕ್ಕೆ ಈ ಮಿತಿ 155 ಡಿಗ್ರಿ ಮಾತ್ರ.

ಇರುಂಗಾಟ್ಟುಕೋಟ್ಟೈಯ ಪಥವೂ ತವಂದಿ ಘಾಟವೂ ಒಂದೇ 48ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಅಲ್ಲಿ ಕಾರು ಓಡಿಸಿ ನಿಪ್ಪಾಣಿಗೆ ಮರಳುವ ತರುಣನಿಗೆ ಊರು ಸೇರುವ ಮುನ್ನ ಈ ಇಳಿಜಾರು ಎದುರಾಗುತ್ತದೆ. ಪಥದಲ್ಲಿ ತನ್ನೊಡನೆ ಓಡುವವರೆಲ್ಲ ಅಪಾಯವನ್ನು ಅರಿತು ಬಂದವರು. ಘಾಟಿನಲ್ಲಿ ಎದುರಿಗಿರುವುದು ಕಬ್ಬಿನ ಟ್ರಾಕ್ಟರು, ಬಸ್ಸು, ಮೋಟಾರುಸೈಕಲ್ಲು. ಆದುದರಿಂದ ಪಥಕ್ಕೆ ಎಷ್ಟು ಪ್ಯಾಡು ಬೇಕೆಂದು ಲೆಕ್ಕ ಹಾಕುವವನು ಮರಳುವ ದಾರಿಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.