ನಿಮಗಿದು ಗೊತ್ತೆ? ತೈಲ ಹುಡುಕುವ ಗಣಿತವೇ ಅಪಶ್ರುತಿಯನ್ನೂ ತಿದ್ದುತ್ತದೆ

ಗಾಯಕರ ದನಿ ಶ್ರುತಿ ತಪ್ಪಿದಾಗ ಸರಿಪಡಿಸುವ ಆಟೋಟ್ಯೂನ್ ತಂತ್ರಾಂಶದ ಬೇರು ತೈಲ ಶೋಧನೆಯಲ್ಲಿದೆ. ನೆಲದಡಿಯ ಕಂಪನಗಳನ್ನು ವಿಶ್ಲೇಷಿಸಿ ತೈಲ ನಿಕ್ಷೇಪ ಗುರುತಿಸುವ ಕೆಲಸದಲ್ಲಿದ್ದ ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್, ಅದೇ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ಇದನ್ನು ಹೊರತಂದರು. ಮರುವರ್ಷ ಅಮೆರಿಕದ ಗಾಯಕಿ ಶೆರ್ ಅವರ ‘ಬಿಲೀವ್’ ಹಾಡಿನಲ್ಲಿ ತಿದ್ದುವ ವೇಗವನ್ನು ಗರಿಷ್ಠಕ್ಕೇರಿಸಿದ್ದರಿಂದ ದನಿ ಸ್ವರದಿಂದ ಸ್ವರಕ್ಕೆ ಯಂತ್ರದಂತೆ ಜಿಗಿಯಿತು. ಅದೇ ಹೊಸ ಶೈಲಿಯಾಯಿತು.

ಮನೆಯಲ್ಲೇ ಹಾಡು ಮುದ್ರಿಸುವವರು ಮೊದಲು ಗಮನಿಸಬೇಕಾದದ್ದು ಈ ವೇಗವನ್ನೇ. ತಂತ್ರಾಂಶವು ಸಾಮಾನ್ಯವಾಗಿ ಸಪ್ತಕವನ್ನು 12 ಸಮಪಾಲು ಮಾಡಿ, ದನಿಯನ್ನು ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ಆದರೆ ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲದೆ ತೂಗಾಡುವಂಥದ್ದು. ವೇಗ ಹೆಚ್ಚಾದರೆ ಗಮಕವೇ ಅಳಿಸಿಹೋಗುತ್ತದೆ. ಆದ್ದರಿಂದ ಶಾಸ್ತ್ರೀಯ ಸಂಗೀತ, ಭಾವಗೀತೆಗಳಿಗೆ ಪ್ರತಿ ಸ್ವರವನ್ನೂ ತೆರೆಯ ಮೇಲೆ ನೋಡಿ ಕೈಯಾರೆ ತಿದ್ದಬಹುದಾದ, ಜರ್ಮನಿಯ ಮೆಲೊಡೈನ್‌ನಂಥ ತಂತ್ರಾಂಶವೇ ಮೇಲು.

ಹಾಡಿಗೆ ಹಾರ್ಮನಿ, ಅಂದರೆ ಜೊತೆದನಿ, ಸೇರಿಸುವ ತಂತ್ರಾಂಶಕ್ಕಾದರೆ ಹಾಡಿನ ಶ್ರುತಿ, ಸ್ಕೇಲ್ ಎರಡನ್ನೂ ತಿಳಿಸಬೇಕು. ಏಕೆಂದರೆ ಶಂಕರಾಭರಣ ರಾಗದಲ್ಲಿ ಷಡ್ಜದಿಂದ ಗಾಂಧಾರಕ್ಕೆ 4 ಅರೆಸ್ವರಗಳ ಅಂತರವಿದ್ದರೆ ರಿಷಭದಿಂದ ಮಧ್ಯಮಕ್ಕೆ 3 ಮಾತ್ರ. ಎಲ್ಲೆಡೆ ಒಂದೇ ಅಂತರವಿಟ್ಟರೆ ಜೊತೆದನಿ ಅಪಸ್ವರವಾಗುತ್ತದೆ. ಫಾರ್ಮಂಟ್, ಅಂದರೆ ಕಂಠದ ಸಹಜ ಅನುರಣನ, ಉಳಿಸುವ ಸೌಲಭ್ಯವೂ ಇರಬೇಕು. ಇಲ್ಲದಿದ್ದರೆ ಏರಿಸಿದ ದನಿ ಕೀರಲಾಗಿ ಕೇಳಿಸುತ್ತದೆ.