ವಸಡಿನ ರೋಗ: ಕಾಯುವ ಕಣಗಳೇ ಮೂಳೆಗೆ ಮುಳುವಾದಾಗ

ವಿಜಯಪುರ: ಹಲ್ಲು ಸ್ವಚ್ಛಗೊಳಿಸಿಕೊಂಡರೆ ಅವು ಸಡಿಲಗೊಳ್ಳುತ್ತವೆ ಎಂಬ ಭಯ ಇಲ್ಲಿನ ಜೋರಾಪುರ ಪೇಟೆಯಂತಹ ಹಳೆಯ ಬಡಾವಣೆಗಳಲ್ಲಷ್ಟೇ ಅಲ್ಲ, ಬೆಂಗಳೂರಿನ ಸುಶಿಕ್ಷಿತರಲ್ಲೂ ಇದೆ. ವಾಸ್ತವದಲ್ಲಿ ಹಲ್ಲು ಅದಕ್ಕೆ ಮೊದಲೇ ಸಡಿಲವಾಗಿರುತ್ತದೆ. ಗಟ್ಟಿಯಾದ ಕಿಟ್ಟ ಅದನ್ನು ಹಿಡಿದು ನಿಲ್ಲಿಸಿರುತ್ತದೆ, ಅಷ್ಟೆ. ಸಡಿಲಗೊಳಿಸಿದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಮಾತ್ರ ವಿಚಿತ್ರವಾಗಿದೆ.

ಹಲ್ಲಿನ ಬುಡದಲ್ಲಿ ಕೂರುವ ಬ್ಯಾಕ್ಟೀರಿಯಾಗಳ ಪದರವೇ ರೋಗದ ಆರಂಭ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದರು. ಹಲ್ಲುಜ್ಜುವುದನ್ನು ನಿಲ್ಲಿಸಿದ 12 ಮಂದಿಯ ವಸಡುಗಳೂ 10ರಿಂದ 21 ದಿನಗಳಲ್ಲಿ ಉರಿಯೂತಕ್ಕೆ ಒಳಗಾದವು. ಮತ್ತೆ ಉಜ್ಜಲಾರಂಭಿಸಿದಾಗ ಗುಣವಾದವು.

ಆದರೆ ಹಲ್ಲನ್ನು ಹಿಡಿದಿರುವ ದವಡೆಮೂಳೆಯನ್ನು ಕರಗಿಸುವುದು ಬಹುಮಟ್ಟಿಗೆ ನಮ್ಮದೇ ಜೀವಕೋಶಗಳು. ಬ್ಯಾಕ್ಟೀರಿಯಾಗಳನ್ನು ಎದುರಿಸಲು ಮೊದಲು ಧಾವಿಸುವವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ಹೋರಾಟ ಮುಗಿಯದೆ ಎಳೆದಾಡಿದರೆ ಟಿ ಮತ್ತು ಬಿ ಕಣಗಳು ಜಮಾಯಿಸುತ್ತವೆ. ಇವು ಹೊರಸೂಸುವ ರ‍್ಯಾಂಕ್ ಲಿಗ್ಯಾಂಡ್ ಎಂಬ ಪ್ರೋಟೀನು, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕಣಗಳನ್ನು ಎಬ್ಬಿಸುತ್ತದೆ.

ಹಾಗಾದರೆ ನ್ಯೂಟ್ರೋಫಿಲ್‌ಗಳು ವಸಡಿಗೆ ಬಾರದಿದ್ದರೆ ಒಳಿತೇ? ಇಲ್ಲ. ಜನ್ಮಜಾತ ದೋಷದಿಂದ ಅವು ರಕ್ತನಾಳ ದಾಟಿ ಹೊರಬರಲಾಗದ ಮಕ್ಕಳು ಎಳವೆಯಲ್ಲೇ ಹಲ್ಲು ಕಳೆದುಕೊಳ್ಳುತ್ತಾರೆ. ಕಾವಲಿಲ್ಲದೆ ಬ್ಯಾಕ್ಟೀರಿಯಾ ಹೆಚ್ಚಿದ್ದೇ ಕಾರಣವೆಂದು ದೀರ್ಘಕಾಲ ಭಾವಿಸಲಾಗಿತ್ತು. ಆದರೆ ನ್ಯೂಟ್ರೋಫಿಲ್ ಇಲ್ಲದೆಡೆ ಇಂಟರ್‌ಲ್ಯೂಕಿನ್-17 ಎಂಬ ಉರಿಯೂತದ ಸಂದೇಶವಾಹಕವು ಲಂಗುಲಗಾಮಿಲ್ಲದೆ ಏರುತ್ತದೆಂದು ತಿಳಿದುಬಂದಿತು. 2017ರಲ್ಲಿ ಅಮೆರಿಕದ ಸಂಶೋಧಕರು ಇಂತಹ ರೋಗಿಯೊಬ್ಬರಿಗೆ, ಆ ಸರಪಳಿಯನ್ನು ತಡೆಯುವ ಉಸ್ಟೆಕಿನುಮ್ಯಾಬ್ ಔಷಧ ನೀಡಿದಾಗ ವಸಡಿನ ಉರಿಯೂತ ಇಳಿಯಿತು. ಸಾಮಾನ್ಯ ರೋಗಿಗೆ ಈ ಔಷಧ ಬೇಕಿಲ್ಲ. ಅದು ಕಲಿಸಿದ ಪಾಠ ಮಾತ್ರ ದೊಡ್ಡದು.

ಉತ್ತರ ಕರ್ನಾಟಕದಲ್ಲಿ ಸೋದರ ಸಂಬಂಧದ ಮದುವೆಗಳು ರೂಢಿಯಲ್ಲಿರುವುದರಿಂದ ಪ್ಯಾಪಿಲಾನ್-ಲಫೆವ್ರ್ ಎಂಬ ಅಪರೂಪದ ಕಾಯಿಲೆಯನ್ನೂ ಹೆಸರಿಸಬೇಕು. ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ಕ್ಯಾಥೆಪ್ಸಿನ್-ಸಿ ವಂಶವಾಹಿ ಬಂದ ಮಗುವಿನ ಅಂಗೈ-ಅಂಗಾಲು ದಪ್ಪಗಟ್ಟಿ, ಹಾಲುಹಲ್ಲುಗಳು ಅಕಾಲದಲ್ಲೇ ಉದುರುತ್ತವೆ.

ಉಳಿದವರ ಪಾಲಿನ ಶತ್ರುಗಳು ಪರಿಚಿತರೇ. ಹತೋಟಿಯಲ್ಲಿಲ್ಲದ ಮಧುಮೇಹ ಉರಿಯೂತವನ್ನು ತೀವ್ರಗೊಳಿಸುತ್ತದೆ. ಬೀಡಿ-ಸಿಗರೇಟು ಇನ್ನೂ ಮೋಸದ್ದು. ಧೂಮಪಾನಿಯ ವಸಡಿನಲ್ಲಿ ಒಳಗೆ ಮೂಳೆ ಕರಗುತ್ತಿದ್ದರೂ ರಕ್ತ ಕಡಿಮೆ ಒಸರುತ್ತದೆ. ನೋಡುವವರಿಗೆ ವಸಡು ಆರೋಗ್ಯವಾಗಿಯೇ ಕಾಣುತ್ತದೆ. ಹಲ್ಲುಜ್ಜುವಾಗ ರಕ್ತ ಕಂಡವರು ದಂತವೈದ್ಯರಲ್ಲಿಗೆ ಬೇಗ ಹೋಗಿ ಹಲ್ಲು ಉಳಿಸಿಕೊಳ್ಳಬಹುದು. ಧೂಮಪಾನಿ ರಕ್ತಕ್ಕಾಗಿ ಕಾಯುತ್ತ ಕುಳಿತುಕೊಳ್ಳುವಂತಿಲ್ಲ.